ಪಟ್ಟೆ ಸೀರೆಯೂ ನಮ್ಮ ಅಜ್ಞಾನವೂ

ಕನ್ನಡದಲ್ಲಿ ಭಾಷಣ ಮಾಡುವವರಿಗೂ ಲೇಖನ ಬರೆಯುವವರಿಗೂ ಬಹು ಪ್ರಿಯವಾದ ಮಾತೊಂದುಂಟು: ‘ಹಾಸುಹೊಕ್ಕು’. ನಮ್ಮ ಬಾಳಿನಲ್ಲಿ ಧರ್ಮ ಹಾಸುಹೊಕ್ಕಾಗಿದೆ, ಯಕ್ಷಗಾನ ಹಾಸುಹೊಕ್ಕಾಗಿದೆ, ಲಂಚಗುಳಿತನವೂ ಹಾಸುಹೊಕ್ಕಾಗಿದೆ ಎಂದು ನಾವು ದಿನವೂ ಕೇಳುತ್ತೇವೆ. ಆದರೆ ಹಾಗೆ ಹೇಳಿದ ಮಹನೀಯರೊಬ್ಬರನ್ನು ವೇದಿಕೆಯ ಮೆಟ್ಟಿಲ ಬಳಿ ತಡೆದು, ಅವರ ಹೆಗಲ ಮೇಲೆ ಈಗ ತಾನೆ ಹೊದಿಸಿದ ಶಾಲನ್ನೇ ತೋರಿಸಿ, “ಸ್ವಾಮಿ, ಇದರಲ್ಲಿ ಹಾಸು ಯಾವುದು, ಹೊಕ್ಕು ಯಾವುದು?” ಎಂದು ಕೇಳಿದರೆ ಉತ್ತರ ಬಂದೀತೆಂಬ ಭರವಸೆ ನನಗಿಲ್ಲ. ಉದ್ದಕ್ಕೆ ಮಗ್ಗದ ಮೇಲೆ ಬಿಗಿದ ನೂಲು ಹಾಸು. ಲಾಳಿಯ ಹೊಟ್ಟೆಯಲ್ಲಿ ಕುಳಿತು ಅದರ ನಡುವೆ ಅಡ್ಡಕ್ಕೆ ಹೊಕ್ಕು ಹೊರಡುವ ನೂಲು ಹೊಕ್ಕು. ಇಷ್ಟೇ ಸಂಗತಿ. ಮಾತು ಉಳಿದಿದೆ, ಮಾತಿನೊಳಗಿನ ಮಗ್ಗ ನಮ್ಮ ನೆನಪಿನಿಂದ ಹೊರಟುಹೋಗಿದೆ. ಈ ಅಜ್ಞಾನದಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟವಾಗುವುದು ಎರಡು ಕಡೆ. ಕೊಳ್ಳುವವನ ಚೀಲಕ್ಕೆ ಸ್ವಲ್ಪ, ನೇಯುವವನ ಹೊಟ್ಟೆಗೆ ಬಹಳ.

ಮದುವೆಯ ಕಾಲ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜವಳಿಯಂಗಡಿಗಳನ್ನು ನೋಡಬೇಕು. ಹೆಣ್ಣಿನ ಕಡೆಯ ಹತ್ತು ಮಂದಿ, ಗಂಡಿನ ಕಡೆಯ ಹತ್ತು ಮಂದಿ, ನಡುವೆ ಬೆಳ್ಳನೆಯ ಹಾಸಿಗೆಯ ಮೇಲೆ ಬಿಚ್ಚಿ ಬಿಚ್ಚಿ ರಾಶಿ ಬಿದ್ದ ಪಟ್ಟೆ ಸೀರೆಗಳು. ಧಾರೆಯ ಸೀರೆ, ನಿಶ್ಚಿತಾರ್ಥದ ಸೀರೆ, ಔತಣಕೂಟದ ಸೀರೆ ಎಂದು ಒಂದೊಂದಕ್ಕೂ 20, 30, 40 ಸಾವಿರ ರೂಪಾಯಿ ಎಣಿಸಿ ಕೊಡುವವರು, ಮಾರುಕಟ್ಟೆಯಲ್ಲಿ ಬದನೆಕಾಯಿ ಕೊಳ್ಳುವಾಗ ಕೇಳುವಷ್ಟು ಪ್ರಶ್ನೆಯನ್ನೂ ಇಲ್ಲಿ ಕೇಳುವುದಿಲ್ಲ. ಬದನೆಯಾದರೆ ಮಟ್ಟುವಿನದೋ ಬೇರೆಯದೋ ಎಂದು ತಿರುವಿ ನೋಡುತ್ತಾರೆ. ಸೀರೆಗೆ ಮಾತ್ರ ಬಣ್ಣ ಒಪ್ಪಿತೇ, ಸೆರಗು ಫೋಟೋದಲ್ಲಿ ಮಿಂಚೀತೇ ಎಂಬ ಎರಡೇ ಪರೀಕ್ಷೆ. ಎಲ್ಲಿ ನೇಯ್ದದ್ದು, ಕೈಮಗ್ಗವೋ ವಿದ್ಯುತ್ ಮಗ್ಗವೋ, ನೂಲು ರೇಷ್ಮೆಯೋ ಅಲ್ಲವೋ, ಜರಿಯಲ್ಲಿ ಬೆಳ್ಳಿಯಿದೆಯೋ ಬರಿಯ ಬಣ್ಣವಿದೆಯೋ, ಇವು ಯಾವುವೂ ಮಾತಿಗೆ ಬರುವುದಿಲ್ಲ. ಅಂಗಡಿಯ ಹುಡುಗ “ಪ್ಯೂರ್ ಕೈಮಗ್ಗ ಅಕ್ಕಾ” ಎಂದರೆ ಅಲ್ಲಿಗೆ ವೇದವಾಕ್ಯ.

ಮೊದಲೇ ಒಂದು ವಿಷಯವನ್ನು ಸ್ಪಷ್ಟಪಡಿಸಿಬಿಡುತ್ತೇನೆ. ಪಟ್ಟೆ ನಮ್ಮ ನೆಲದ ಬೆಳೆಯಲ್ಲ. ರೇಷ್ಮೆಹುಳಕ್ಕೆ ಹಿತವಾದ ತಂಪೂ ಒಣಸೊಪ್ಪೂ ಬೇಕು. ಒದ್ದೆ ಸೊಪ್ಪು ತಿಂದು ಸೆಕೆಯಲ್ಲಿ ಬೆಂದರೆ ಅದು ರೋಗ ಹಿಡಿದು ಸಾಯುತ್ತದೆ. ಬೆಳ್ತಂಗಡಿಯ ಆಷಾಢದ ಮಳೆಯಲ್ಲಿ ಒಣಗಿದ ಸೊಪ್ಪನ್ನು ಎಲ್ಲಿಂದ ತರುವುದು? ಆದ್ದರಿಂದ ಕರ್ನಾಟಕವು ದೇಶದಲ್ಲೇ ಅತ್ಯಧಿಕ ಹಿಪ್ಪುನೇರಳೆ ರೇಷ್ಮೆ ಬೆಳೆಯುವ ರಾಜ್ಯವಾಗಿದ್ದರೂ, ಆ ಕೀರ್ತಿ ರಾಮನಗರ, ಶಿಡ್ಲಘಟ್ಟಗಳ ಕಡೆಯದು. ಹದಿನೆಂಟನೆಯ ಶತಮಾನದ ಕೊನೆಗೆ ಟಿಪ್ಪು ಸುಲ್ತಾನನು ಮೈಸೂರು ಸೀಮೆಯಲ್ಲಿ ನೆಲೆಗೊಳಿಸಿದ ಕಸುಬು ಅದು. ನಮಗೆ ಪಟ್ಟೆ ಬರುವುದು ಘಟ್ಟದ ಮೇಲಿಂದ, ಇಲ್ಲವೇ ಕಂಚಿಯಿಂದ, ಕಾಶಿಯಿಂದ. ಹೀಗೆ ಹೊರಗಿನಿಂದ ಬರುವುದೇ ತಪ್ಪೆಂದು ನಾನು ಹೇಳುವುದಿಲ್ಲ. ನಾವು ಕುಡಿಯುವ ಕಾಫಿಯೂ ಘಟ್ಟದ್ದೇ. ಆದರೆ ಹೊರಗಿನದಕ್ಕೆ ತಲೆಬಾಗುವವನು ಅದು ಏನೆಂದಾದರೂ ತಿಳಿದಿರಬೇಕಷ್ಟೆ?

ಹಾಗಾದರೆ ರೇಷ್ಮೆಯನ್ನು ನೇಯುವುದು ಹೇಗೆ? ಸೀರೆ ಹಿಡಿದು ಬೆಲೆ ಕೇಳುವ ಮೊದಲು ಇದನ್ನು ಕೇಳಿಕೊಳ್ಳುವುದು ಅಗತ್ಯ.

ಮೊಟ್ಟೆಯೊಡೆದು ಬಂದ ಹುಳ 25 ದಿನಗಳ ಆಸುಪಾಸು ಹಗಲಿರುಳೂ ಸೊಪ್ಪು ತಿನ್ನುತ್ತದೆ. ನಡುವೆ 4 ಸಲ ಜ್ವರ ಬಂದವರಂತೆ ಮಲಗಿ ಪೊರೆ ಬಿಡುತ್ತದೆ. ಬೆಳೆದು ಹಣ್ಣಾದ ಹುಳವನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಬಾಯಿಯಿಂದ ಎಳೆ ಹೊರಡಿಸಿ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿಕೊಳ್ಳುತ್ತದೆ. ಒಂದು ಒಳ್ಳೆಯ ದ್ವಿತಳಿ ಗೂಡಿನಲ್ಲಿ ತುಂಡಾಗದ ಒಂದೇ ಎಳೆ ಸುಮಾರು 1,000 ಮೀಟರಿನಷ್ಟು ಉದ್ದವಿರುತ್ತದೆ. ಪಾತರಗಿತ್ತಿಯಾಗಿ ಹುಳ ಗೂಡನ್ನು ತೂತುಮಾಡಿ ಹೊರಬಂದರೆ ಆ ಎಳೆ ಸಾವಿರ ಚೂರು. ಆದುದರಿಂದ ಗೂಡಿನೊಳಗಣ ಜೀವವನ್ನು ಬಿಸಿಯಲ್ಲಿ ಕೊಂದು, ಗೂಡನ್ನು ಕುದಿನೀರಿಗೆ ಹಾಕಿ, ಎಳೆಯ ತುದಿ ಹುಡುಕಿ ಬಿಚ್ಚುತ್ತಾರೆ. ಒಂದು ಗೂಡಿನ ಎಳೆ ಕಣ್ಣಿಗೂ ಕಾಣದಷ್ಟು ಸೂಕ್ಷ್ಮ. ಏಳೆಂಟು ಗೂಡುಗಳ ಎಳೆಗಳನ್ನು ಕೂಡಿಸಿದರೆ ಒಂದು ಕಚ್ಚಾ ರೇಷ್ಮೆಯ ನೂಲು. ಒಂದು ಕಿಲೋ ನೂಲಿಗೆ 7 ಕಿಲೋದ ಆಚೀಚೆ ಗೂಡು ಬೇಕು. ಒಂದು ಗೂಡಿನ ತೂಕ ಎರಡು ಗ್ರಾಮಿನೊಳಗೆ. ಲೆಕ್ಕ ಹಾಕಿ ನೋಡಿದರೆ ಮದುಮಗಳು ಉಡುವ ಒಂದು ಭಾರಿ ಸೀರೆಯಲ್ಲಿ ಸುಮಾರು 2,000 ಹುಳಗಳ ಆಯುಸ್ಸು ಮಡಚಿಕೊಂಡಿದೆ.

ಈ ನೂಲು ಬಂದಂತೆಯೇ ಮಗ್ಗಕ್ಕೆ ಏರುವುದಿಲ್ಲ. ಅದಕ್ಕೆ ಹುರಿ ಹಾಕಬೇಕು. ಹಾಸಿನ ನೂಲಿಗೆ ಬಿಗಿ ಹುರಿ, ಹೊಕ್ಕಿನ ನೂಲಿಗೆ ಸಡಿಲ ಹುರಿ. ಬಳಿಕ ಸಾಬೂನು, ಸೋಡಾ ಹಾಕಿದ ಬಿಸಿನೀರಿನಲ್ಲಿ ಕುದಿಸಿ ಎಳೆಯ ಮೇಲಿನ ಅಂಟನ್ನು ಕಳೆಯಬೇಕು. ಆ ಅಂಟು ನೂಲಿನ ತೂಕದ ಕಾಲುಭಾಗದಷ್ಟಿರುತ್ತದೆ. ಅದು ಹೋದ ಮೇಲೆಯೇ ಪಟ್ಟೆಗೆ ಪಟ್ಟೆಯ ಹೊಳಪೂ ಮೃದುತ್ವವೂ. ಅನಂತರ ಬಣ್ಣ. ಅನಂತರ ಹಾಸು ಹೂಡುವುದು. ಸೀರೆಯ ಅಗಲಕ್ಕೆ 4,000ಕ್ಕೂ ಹೆಚ್ಚು ಎಳೆಗಳನ್ನು ಒಂದರ ಪಕ್ಕ ಒಂದು ಎಳೆದು, ಸಿಕ್ಕಾಗದಂತೆ ಉರುಳೆಗೆ ಸುತ್ತಿ, ಮಗ್ಗದಲ್ಲಿ ಉಳಿದ ಹಳೆಯ ಹಾಸಿನ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಬೆರಳಿನಿಂದ ಹೊಸೆದು ಕೂಡಿಸಬೇಕು. ನಾಲ್ಕು ಸಾವಿರ ಸಲ! ಈ ಕೆಲಸ ಬಹುಮಟ್ಟಿಗೆ ಮನೆಯ ಹೆಂಗಸರದು. ನೇಕಾರನೆಂದು ಹೆಸರು ಗಂಡಸಿಗೆ. ನೂಲು ಸುತ್ತಿ, ಕಂಡಿಕೆ ತುಂಬಿ, ಹಾಸು ಕೂಡಿಸುವ ಹೆಂಗಸಿಗೆ ಎಷ್ಟೋ ಕಡೆ ಕೂಲಿಯ ಲೆಕ್ಕವೇ ಇಲ್ಲ. ಒಂದು ಮಗ್ಗದ ಹಿಂದೆ ಒಂದು ಮನೆಯೇ ದುಡಿಯುತ್ತದೆಂಬುದನ್ನು ನಾವು ಬೆಲೆ ಚೌಕಾಸಿ ಮಾಡುವಾಗ ಮರೆಯುತ್ತೇವೆ.

ಇನ್ನು ನೇಯ್ಗೆ. ಕಾಲು ಹಲಗೆಯನ್ನು ತುಳಿದಾಗ ಹಾಸಿನ ಅರ್ಧ ಎಳೆ ಮೇಲಕ್ಕೂ ಅರ್ಧ ಕೆಳಕ್ಕೂ ಹೋಗಿ ನಡುವೆ ಒಂದು ಸಂದು ತೆರೆಯುತ್ತದೆ. ಆ ಸಂದಿನಲ್ಲಿ ಲಾಳಿ ಅತ್ತಿಂದಿತ್ತ ಓಡುತ್ತದೆ. ಹಣಿಗೆಯಿಂದ ಒಂದು ಪೆಟ್ಟು, ಹೊಕ್ಕು ಕೂತಿತು. ಮತ್ತೆ ತುಳಿತ, ಮತ್ತೆ ಲಾಳಿ, ಮತ್ತೆ ಪೆಟ್ಟು. ಅಂಚಿನಲ್ಲಿ ಹೂವೋ ಹಂಸವೋ ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಬೇಕು. 1804ರಲ್ಲಿ ಫ್ರಾನ್ಸಿನ ಜಕಾರ್ಡನು ಮಾಡಿದ ಉಪಾಯವದು. ರಟ್ಟಿನ ಪಟ್ಟಿಗಳಲ್ಲಿ ಕೊರೆದ ತೂತುಗಳು ಯಾವ ಎಳೆ ಏಳಬೇಕು, ಯಾವುದು ಕೂಡದು ಎಂದು ಅಪ್ಪಣೆ ಕೊಡುತ್ತವೆ. ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣವಾಗಿ, ಎರಡೂ ಬೆರೆಯದೆ ಕೂಡಬೇಕಾದರೆ ಕಂಚಿಯವರು ‘ಕೋರ್ವೈ’ ಎನ್ನುವ ಕ್ರಮದಲ್ಲಿ ಮೂರು ಲಾಳಿಗಳನ್ನು ಆಡಿಸಿ, ಪ್ರತಿ ಸಾಲಿನಲ್ಲೂ ಒಡಲಿನ ಹೊಕ್ಕನ್ನು ಅಂಚಿನ ಹೊಕ್ಕಿಗೆ ಕೊಂಡಿ ಹಾಕುತ್ತಾರೆ. ಅದಕ್ಕೆ ಬದಿಯಲ್ಲಿ ಇನ್ನೊಬ್ಬ ಆಳು ಬೇಕು. ಇಳಕಲ್ಲಿನವರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿಯಿಂದಲೇ ಬೆಸೆಯುತ್ತಾರೆ. ಹೀಗೆ ಕೂಡಿಸಿದ ಸೀರೆ ಹತ್ತು ದಿನ, ಹದಿನೈದು ದಿನ ತೆಗೆದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ವಿದ್ಯುತ್ ಮಗ್ಗ ಅಂಚಿನಿಂದಂಚಿಗೆ ಒಂದೇ ಬಣ್ಣದ ಹೊಕ್ಕನ್ನು ಓಡಿಸಿ, ನೋಟಕ್ಕೆ ಹಾಗೆಯೇ ಕಾಣುವ ಸೀರೆಯನ್ನು ಬಹುಬೇಗ ಇಳಿಸಿಬಿಡುತ್ತದೆ.

ಈಗ ಜಗಳಕ್ಕೆ ಬರೋಣ. ಯಂತ್ರವೆಂದರೆ ಪಾಪವೆನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ನಾವು ಕೊಂಡಾಡುವ ಮೈಸೂರು ರೇಷ್ಮೆ ಯಂತ್ರದ ಬಟ್ಟೆಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್‌ಲೆಂಡಿನಿಂದ ತರಿಸಿದ ಮಗ್ಗಗಳೊಂದಿಗೆ ಆ ಕಾರ್ಖಾನೆ ಶುರುವಾಯಿತು; 1980ರಿಂದ ರಾಜ್ಯದ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಅದರ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ ಎಂದು ನಿಗಮ ಬಾಯಿಬಿಟ್ಟು ಹೇಳುತ್ತದೆ. ಕೈಮಗ್ಗವೆಂದು ಎಂದೂ ಹೇಳಿಕೊಂಡದ್ದಿಲ್ಲ. ಅದು ಪ್ರಾಮಾಣಿಕ ವ್ಯಾಪಾರ. ನನ್ನ ತಕರಾರು ಸುಳ್ಳಿನ ಮೇಲೆ. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗವೆಂದು, ಪಾಲಿಯೆಸ್ಟರನ್ನು ಪಟ್ಟೆಯೆಂದು ಮಾರುವ ಸುಳ್ಳು. ಅದಕ್ಕಿಂತ ಹೆಚ್ಚಾಗಿ, ಆ ಸುಳ್ಳನ್ನು ಕೇಳಿ ಸುಮ್ಮನಿರುವ ನಮ್ಮ ಸೋಮಾರಿತನ.

‘ಆರ್ಟ್ ಸಿಲ್ಕ್’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಎಷ್ಟೋ ಸುಶಿಕ್ಷಿತರು ಅದನ್ನು ಕಲಾತ್ಮಕವಾದ ರೇಷ್ಮೆಯೆಂದೇ ತಿಳಿದು ಸಂತೋಷಪಡುತ್ತಾರೆ. ಅಲ್ಲಿರುವ ‘ಆರ್ಟ್’ ಎಂಬುದು ‘ಆರ್ಟಿಫಿಶಿಯಲ್’ ಎಂಬುದರ ಬಾಲ ಕತ್ತರಿಸಿದ ರೂಪ, ಅರ್ಥಾತ್ ಕೃತಕ. ‘ಸೆಮಿ ಸಿಲ್ಕ್’ ಮುಂತಾದ ನಾಮಾವಳಿಯಲ್ಲಿಯೂ ಹುಳದ ಪಾಲೆಷ್ಟು, ಕಾರ್ಖಾನೆಯ ಪಾಲೆಷ್ಟು ಎಂದು ಕೇಳಿದವನೇ ಬಲ್ಲ. ಪರೀಕ್ಷೆ ಕಷ್ಟವೇನಲ್ಲ. ಬದಿಯ ಒಂದೆರಡು ಎಳೆ ಕಿತ್ತು ಬೆಂಕಿಗೆ ಹಿಡಿದರೆ ರೇಷ್ಮೆ ಕೂದಲು ಸುಟ್ಟ ವಾಸನೆ ಹೊಮ್ಮಿಸಿ ಪುಡಿಪುಡಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ‘ಸಿಲ್ಕ್ ಮಾರ್ಕ್’ ಎಂಬ ಗುರುತುಚೀಟಿ ಇದೆ. 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಇದೆ. ಇವೆರಡೂ ಒಂದೇ ಅಲ್ಲವೆಂಬುದು ಮುಖ್ಯ. ಮೊದಲನೆಯದು ನೂಲು ಅಪ್ಪಟ ರೇಷ್ಮೆಯೆಂದು ಸಾಕ್ಷಿ ಹೇಳುತ್ತದೆ. ಯಾವ ಮಗ್ಗದಲ್ಲಿ ನೇಯ್ದದ್ದೆಂದು ಅದಕ್ಕೆ ಗೊತ್ತಿಲ್ಲ. ಎರಡನೆಯದು ಕೈಮಗ್ಗಕ್ಕೆ ಸಾಕ್ಷಿ. ಸಿಲ್ಕ್ ಮಾರ್ಕಿನ ಚೀಟಿ ತೋರಿಸಿ “ನೋಡಿ, ಕೈಮಗ್ಗ” ಎನ್ನುವವನ ಮಾತಿಗೆ ತಲೆಯಾಡಿಸುವವರು ಪದವೀಧರರೇ.

ಕಾನೂನು ಇಲ್ಲವೇ ಎಂದರೆ, ಇದೆ. ಕೈಮಗ್ಗಕ್ಕೆಂದು ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟ ಕಾಯಿದೆ 1985ರಷ್ಟು ಹಳೆಯದು. ಮೊದಲು ಮೀಸಲಾಗಿದ್ದ 22 ಬಗೆಗಳು ಆಮೇಲೆ 11ಕ್ಕೆ ಇಳಿದವು. ಸ್ವದೇಶಿ ಚಳವಳಿ 1905ರಲ್ಲಿ ಮೊದಲಾದ ದಿನವೆಂದು ಆಗಸ್ಟ್ 7ನ್ನು 2015ರಿಂದ ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸುತ್ತೇವೆ. 2020ರಲ್ಲಿ ಆ ಹಬ್ಬಕ್ಕೆ ಹನ್ನೊಂದೇ ದಿನ ಮುಂಚೆ, ಜುಲೈ 27ರಂದು, ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ಸರಕಾರ ರದ್ದುಮಾಡಿತು. 2009-10ರ ಗಣತಿಯಲ್ಲಿ ದೇಶದ ಕೈಮಗ್ಗದ ಕೆಲಸಗಾರರು 43.31 ಲಕ್ಷ, 2019-20ರಲ್ಲಿ 35.22 ಲಕ್ಷ. ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಮಂದಿ ಮಗ್ಗ ಬಿಟ್ಟೆದ್ದರು. ಇಷ್ಟಾದರೂ ಭಾಷಣಗಳಲ್ಲಿ ಕೈಮಗ್ಗ ಹಾಸುಹೊಕ್ಕಾಗಿಯೇ ಇದೆ!

ಇನ್ನೊಂದು ಭ್ರಮೆಯನ್ನು ಮುಟ್ಟದೆ ಹೋಗುವಂತಿಲ್ಲ. ‘ಪಟ್ಟೆಮಡಿ’ ಎಂಬುದು ನಮ್ಮಲ್ಲಿ ದೊಡ್ಡ ಮಾತು. ಹತ್ತಿ ಬಟ್ಟೆ ಮುಟ್ಟಿದರೆ ಮೈಲಿಗೆ, ಪಟ್ಟೆಗೆ ಮೈಲಿಗೆ ತಟ್ಟದು. ಎರಡು ಸಾವಿರ ಜೀವಗಳನ್ನು ಕುದಿನೀರಿಗೆ ಹಾಕಿ ತೆಗೆದ ಬಟ್ಟೆ ಶುದ್ಧ. ಗಿಡದಲ್ಲಿ ಬಿರಿದ ಅರಳೆಯ ಬಟ್ಟೆ ಅಶುದ್ಧ! ಈ ತರ್ಕವನ್ನು ನಾನು ಹೇಳಿದರೆ ಧರ್ಮದ್ವೇಷವೆಂದಾರು. ಆದರೆ ಕಂಚಿಯ ಪೀಠದ ಚಂದ್ರಶೇಖರೇಂದ್ರ ಸರಸ್ವತಿಗಳೇ, ಅದೂ ರೇಷ್ಮೆಯಿಂದಲೇ ಹೆಸರಾದ ಊರಿನ ಮಠದ ಸ್ವಾಮಿಗಳು, ಜೀವಹಿಂಸೆಯ ಕಾರಣ ಕೊಟ್ಟು ಪಟ್ಟೆಯನ್ನು ಬಿಡಿರೆಂದು ಭಕ್ತರಿಗೆ ಬೋಧಿಸಿದ್ದರು. ಮೂಡುಬಿದಿರೆ ಜೈನರ ಕಾಶಿ. ಜೈನರಲ್ಲಿ ಪಟ್ಟೆಯನ್ನು ಮೈಗೆ ಸೋಕಿಸದ ವ್ರತಸ್ಥರು ಅನೇಕರಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಅಹಿಂಸೆಯ ಪ್ರವಚನಕ್ಕೆ ಭಾರಿ ಪಟ್ಟೆ ಉಟ್ಟು ಬರುವ ಪದ್ಧತಿ ಎಲ್ಲ ಮತದವರಲ್ಲೂ ಇದೆಯಲ್ಲ, ಅದನ್ನು ಏನೆನ್ನೋಣ? ಪಾತರಗಿತ್ತಿ ಹಾರಿಹೋದ ಮೇಲೆ ಗೂಡಿನಿಂದ ನೂಲು ತೆಗೆಯುವ ‘ಅಹಿಂಸಾ ರೇಷ್ಮೆ’ಯೂ ಇಂದು ಉಂಟು. ತುಂಡಾದ ಎಳೆಗಳನ್ನು ಹತ್ತಿಯಂತೆ ನೂಲಬೇಕಾದ್ದರಿಂದ ಹೊಳಪು ಕಡಮೆ. ಹೊಳಪು ಕಡಮೆಯಾದದ್ದನ್ನು ಧಾರೆಗೆ ಉಡುವ ಧೈರ್ಯ ಎಷ್ಟು ಮನೆಗಳಿಗಿದೆ? ಪಟ್ಟೆ ಉಡಬೇಡಿರೆಂದು ನಾನು ಹಟ ಹಿಡಿದಿಲ್ಲ. ರೇಷ್ಮೆಯ ರೈತನೂ ನೂಲು ತೆಗೆಯುವವನೂ ನೇಕಾರನೂ ಬದುಕಬೇಕು. ಆದರೆ ಅದು ಸೊಗಸಿಗಾಗಿ ಉಡುವ ಬಟ್ಟೆಯೆಂದು ಒಪ್ಪಿಕೊಳ್ಳಿ. ಪಾವಿತ್ರ್ಯದ ಹೆಸರಿನಲ್ಲಿ ಹತ್ತಿಯನ್ನು ಹೀನೈಸಬೇಡಿ.

ಯಾಕೆಂದರೆ ಹಾಗೆ ಹೀನೈಸಲ್ಪಟ್ಟ ಹತ್ತಿಯೇ ನಮ್ಮ ನೆಲದ ನೇಯ್ಗೆ. ಈ ಜಿಲ್ಲೆಯ ಪದ್ಮಶಾಲಿ ಶೆಟ್ಟಿಗಾರರ ಮನೆಗಳಲ್ಲಿ ಒಂದು ಕಾಲಕ್ಕೆ ‘ಕದಿಕೆ’ಯ ಸದ್ದು ನಿತ್ಯದ ಸದ್ದು, ತುಳುವಿನಲ್ಲಿ ಮಗ್ಗಕ್ಕೆ ಕದಿಕೆಯೆಂದೇ ಹೆಸರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನೇಯ್ಗೆಯ ಕಾರ್ಖಾನೆ ನಡೆಸಿದರು. 1851ರಲ್ಲಿ ಬಂದ ಹಾಲರ್ ಎಂಬವರು ಎಳೆದೋಡಿಸುವ ಲಾಳಿಯ ಮಗ್ಗಗಳನ್ನು ತಂದರು. ಪ್ರಪಂಚದ ಸಿಪಾಯಿಗಳೆಲ್ಲ ತೊಟ್ಟ ಖಾಕಿ ಬಣ್ಣ ಮೊದಲು ತಯಾರಾದದ್ದು ಅವರ ಕೈಯಲ್ಲೇ ಎಂಬ ಹೇಳಿಕೆಯುಂಟು. ಈ ಪರಂಪರೆಯ ಕೂಸು ‘ಉಡುಪಿ ಸೀರೆ’. ತೆಳ್ಳಗಿನ ಹತ್ತಿಯ ನೂಲು, ಗಂಜಿ ಕೊಟ್ಟು ಬಿಗಿದ ಹಾಸು, ಸರಳವಾದ ಅಂಚು, ಕಣ್ಣಿಗೆ ಹೊಡೆಯದ ಬಣ್ಣ. ನಮ್ಮ ಅಜ್ಜಿಯಂದಿರು ಗದ್ದೆಗೂ ದೇವಸ್ಥಾನಕ್ಕೂ ಉಟ್ಟು, ಒಗೆದು, ಮತ್ತೆ ಉಟ್ಟು, ಕೊನೆಗೆ ಮೊಮ್ಮಕ್ಕಳ ತೊಟ್ಟಿಲಿಗೆ ಹಾಸಿದ ಸೀರೆ. ಅದಕ್ಕೀಗ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಗಡಿಯಾಚೆ ಕಾಸರಗೋಡಿನ ಸೀರೆಗೂ ಸಿಕ್ಕಿದೆ. ಮನ್ನಣೆ ಬಂದಾಗ ಮಗ್ಗಗಳು ಎಷ್ಟು ಉಳಿದಿದ್ದವೆಂದು ಕೇಳಿದರೆ ತಲೆ ತಗ್ಗಿಸಬೇಕು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಲ್ಲಿ ನೇಯುವವರು ಬೆರಳೆಣಿಕೆಗೆ ಇಳಿದಿದ್ದರು, ಅವರಲ್ಲಿಯೂ ಹೆಚ್ಚಿನವರು ಮುದುಕರು. ಇತ್ತೀಚಿನ ವರ್ಷಗಳಲ್ಲಿ ‘ಕದಿಕೆ’ ಎಂಬ ಟ್ರಸ್ಟಿನವರು ಸಂಘದೊಂದಿಗೆ ನಿಂತು ದುಡಿದದ್ದರಿಂದ ಬಿಟ್ಟುಹೋದ ಕೆಲವರು ಮರಳಿದ್ದಾರೆ, ಹೊಸಬರು ಕಲಿಯುತ್ತಿದ್ದಾರೆ. ಮೂಡುಬಿದಿರೆಯಿಂದ ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ಕಿನ್ನಿಗೋಳಿ. ಕಂಚಿಗೆ ಕಾರು ಮಾಡಿಕೊಂಡು ಹೋಗಿ ಸೀರೆ ತಂದೆವೆಂದು ಹೇಳಿಕೊಳ್ಳುವವರಲ್ಲಿ ಎಷ್ಟು ಮಂದಿ ಈ ಒಂದು ಗಂಟೆಯ ದಾರಿ ಸವೆಸಿದ್ದಾರೆ?

“ಕೈಮಗ್ಗದ ಸೀರೆಯಲ್ಲಿ ನೂಲು ಅಲ್ಲಲ್ಲಿ ದಪ್ಪ ತೆಳ್ಳಗಿರುತ್ತದೆ, ಅಂಚು ಒಂದೇ ಸಮ ಇರುವುದಿಲ್ಲ” ಎಂದು ದೂರುವವರುಂಟು. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ನೆಂಟರನ್ನು ಕರೆದೊಯ್ದು, “1430ರಲ್ಲಿ ಕಟ್ಟಿದ್ದು, ಒಂದು ಕಂಬದ ಹಾಗೆ ಇನ್ನೊಂದಿಲ್ಲ ನೋಡಿ” ಎಂದು ಎದೆಯುಬ್ಬಿಸಿ ಹೇಳುವವರೂ ಇವರೇ. ಕಲ್ಲಿನಲ್ಲಿ ಕೈಯ ಗುರುತು ಕಂಡರೆ ಕಲೆ, ನೂಲಿನಲ್ಲಿ ಕಂಡರೆ ದೋಷವೇ?

“ನೇಕಾರರ ಮಕ್ಕಳು ಓದಿ ಬ್ಯಾಂಕು ಸೇರಿದರು, ಮುಂಬಯಿಗೆ ಹೋದರು, ಗಲ್ಫಿಗೆ ಹೋದರು. ಅವರನ್ನು ಮತ್ತೆ ಮಗ್ಗದಲ್ಲಿ ಕೂಡಿಸಬೇಕೇ?” ಇದು ಎರಡನೆಯ ಆಕ್ಷೇಪ, ಮತ್ತು ಇದು ಗಂಭೀರವಾದದ್ದು. ನೇಕಾರನ ಮಗ ನೇಕಾರನೇ ಆಗಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಹೋದವರು ಹೋಗಲಿ, ಚೆನ್ನಾಗಿರಲಿ. ಆದರೆ ಅವರು ಕಸುಬನ್ನು ಬಿಟ್ಟದ್ದು ಕಸುಬು ಕೀಳೆಂದಲ್ಲ. ದಿನವಿಡೀ ತುಳಿದರೂ ಕೂಲಿ ಸಾಲಲಿಲ್ಲವೆಂದು. ಕೂಲಿ ಸಾಲುವಂತಾದರೆ ಮಗ್ಗಕ್ಕೆ ಜಾತಿಯಿಲ್ಲ. ಇದು ಮನೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಸಂಸಾರ ಸಾಕಿದ ಹೆಂಗಸರ ಜಿಲ್ಲೆ. ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಅಂಥ ಬೆರಳುಗಳ ಕುಶಲತೆಗೆ ಕೊರತೆಯಿಲ್ಲ. ಹೊಗೆಸೊಪ್ಪಿನ ಘಾಟು ಕುಡಿಯುವ ಬದಲು ಅವರಲ್ಲಿ ಕೆಲವರಾದರೂ ಹಣಿಗೆ ಹಿಡಿಯಲು ಇಷ್ಟಪಟ್ಟರೆ, ಅದಕ್ಕೆ ಬೇಕಾದದ್ದು ತರಬೇತಿ ಮತ್ತು ಖಚಿತವಾದ ಗಿರಾಕಿ. ತರಬೇತಿಯನ್ನು ಸಂಘಸಂಸ್ಥೆಗಳು ಕೊಟ್ಟಾವು. ಗಿರಾಕಿ ನಾವೇ ಅಲ್ಲವೇ?

“ಬಡವರು ಅಗ್ಗದ ಬಟ್ಟೆ ಕೊಳ್ಳಬಾರದೇ?” ಎಂಬುದು ಮೂರನೆಯದು. ಖಂಡಿತ ಕೊಳ್ಳಲಿ. ದಿನಗೂಲಿಯವಳು ಮುನ್ನೂರು ರೂಪಾಯಿಗೆ ಪಾಲಿಯೆಸ್ಟರ್ ಸೀರೆ ಕೊಂಡರೆ ಅವಳನ್ನು ದೂರುವವನು ಮನುಷ್ಯನಲ್ಲ. ನಾನು ಮಾತಾಡುತ್ತಿರುವುದು ಈ ಪುರವಣಿಯನ್ನು ಓದುವ ನಮ್ಮ ನಿಮ್ಮಂಥವರ ಬಗ್ಗೆ. ನಮ್ಮ ಮದುವೆಗಳಲ್ಲಿ ‘ಉಡುಗೊರೆ’ ಎಂಬ ಒಂದು ಆಚಾರವುಂಟು. ಸೋದರತ್ತೆಗೆ, ಚಿಕ್ಕಮ್ಮಂದಿರಿಗೆ, ನಾದಿನಿಯರಿಗೆ, ಬೀಗಿತಿಯರಿಗೆ ತಲಾ ಒಂದೊಂದು ಸೀರೆ. ಧಾರೆಯ ಸೀರೆಗೆ ನಲವತ್ತು ಸಾವಿರ ಕೊಟ್ಟು ಕೈ ಬರಿದು ಮಾಡಿಕೊಂಡವರು ಇದಕ್ಕೆ ಸೂರತ್ತಿನ ಕೃತಕ ನೂಲಿನ ಸೀರೆಗಳನ್ನು ಕಟ್ಟುಗಟ್ಟಲೆ ತರುತ್ತಾರೆ. ಪಡೆದವರು ಉಡುವುದಿಲ್ಲ. ಬೀರುವಿನಲ್ಲಿಟ್ಟು ಇನ್ನೊಂದು ಮದುವೆಯಲ್ಲಿ ಇನ್ನೊಬ್ಬರಿಗೆ ದಾಟಿಸುತ್ತಾರೆ. ಹೀಗೆ ಒಂದೇ ಸೀರೆ ಮಡಿಕೆ ಬಿಚ್ಚದೆ ಮೂರು ಮದುವೆ ಕಂಡು, ಕೊನೆಗೆ ಮೊದಲು ಕೊಟ್ಟವರ ಮನೆಗೇ ಬಂದದ್ದೂ ಉಂಟು! ಈ ಪರ್ಯಟನೆಗೆ ಹಾಕಿದ ಹಣ ಯಾರಿಗೂ ದಕ್ಕಲಿಲ್ಲ.

ಆ ಉಡುಗೊರೆಗೆ ಉಡುಪಿ ಸೀರೆ ಕೊಡಿ. ಬೆಲೆ ಸ್ವಲ್ಪ ಹೆಚ್ಚಾದೀತು. ಸೀರೆಗಳ ಸಂಖ್ಯೆ ಕಡಮೆ ಮಾಡಿ, ನೆಂಟಸ್ತನವೇನೂ ಕಳಚಿಹೋಗದು. ಒಂದು ಸೀರೆಗೆ ಎರಡು ದಿನದ ನೇಯ್ಗೆಯೆಂದು ಹಿಡಿದರೂ, 40 ಸೀರೆ ಕೊಡುವ ಒಂದು ಮದುವೆ ಒಬ್ಬ ನೇಕಾರನಿಗೆ ಸುಮಾರು ಮೂರು ತಿಂಗಳ ಕೆಲಸ ಕೊಟ್ಟಂತಾಯಿತು. ನಾಲ್ಕು ಮದುವೆ ಕೂಡಿದರೆ ಒಂದು ಮಗ್ಗಕ್ಕೆ ವರ್ಷದ ಜೀವ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸಭಾಭವನಗಳಲ್ಲಿ ಒಂದು ವೈಶಾಖದಲ್ಲಿ ಎಷ್ಟು ಮದುವೆಗಳಾಗುತ್ತವೆಂದು ವಾಚಕರೇ ಎಣಿಸಲಿ. ಸರಕಾರದ ಯೋಜನೆಗೂ ಸಚಿವರ ಭರವಸೆಗೂ ಕಾಯದೆ ನಾವೇ ಮಾಡಬಹುದಾದ ಕೆಲಸವಿದು. ಒಂದೇ ಷರತ್ತು: ನಾಳೆ ಮದುವೆ, ಇಂದು ಸೀರೆ ಕೊಡಿ ಎಂದರೆ ಕೈಮಗ್ಗ ಕೊಡಲಾರದು. ಜಾತಕ ಕೂಡಿ ಬಂದ ದಿನವೇ ಸಭಾಭವನ ಕಾದಿರಿಸುತ್ತೀರಿ, ಅಡಿಗೆಯವರಿಗೆ ಮುಂಗಡ ಕೊಡುತ್ತೀರಿ. ಅಂದೇ ನೇಕಾರರ ಸಂಘಕ್ಕೂ ಮುಂಗಡ ಕೊಡಿ. ಮುಂಗಡ ಬಂದರೆ ಸಂಘ ನೂಲು ಕೊಂಡೀತು, ನೇಕಾರ ಸಾಲಗಾರನಾಗದೆ ಹಾಸು ಹೂಡಿಯಾನು.

ಪಟ್ಟೆ ಕೊಳ್ಳುವವರಿಗೂ ನನ್ನ ಬಿನ್ನಹ ದೊಡ್ಡದೇನಲ್ಲ. ಮೂರು ಪ್ರಶ್ನೆ ಕೇಳಿ: ನೂಲು ಏನು, ಮಗ್ಗ ಯಾವುದು, ನೇಯ್ದ ಊರು ಯಾವುದು. ಉತ್ತರವನ್ನು ಬಿಲ್ಲಿನಲ್ಲಿ ಬರೆದು ಕೊಡಲು ಹೇಳಿ. ಬಾಯಲ್ಲಿ ಹೇಳಿದ ಕೈಮಗ್ಗ ಬಿಲ್ಲಿನಲ್ಲಿ ಬರೆಯುವಾಗ ಎಷ್ಟು ಸಲ ಮಾಯವಾಗುತ್ತದೆಂಬ ಚಮತ್ಕಾರವನ್ನು ನೀವೇ ನೋಡುವಿರಿ. ಸತ್ಯ ಹೇಳುವ ವರ್ತಕರಿಗೆ ಇದರಿಂದ ನಷ್ಟವಿಲ್ಲ. ಅಂಥವರು ನಮ್ಮ ಪೇಟೆಗಳಲ್ಲಿ ಇದ್ದಾರೆ, ಅವರ ವ್ಯಾಪಾರ ಬೆಳೆಯಲಿ. ವಿದ್ಯುತ್ ಮಗ್ಗದ್ದೆಂದು ತಿಳಿದೇ ಕೊಳ್ಳುವುದಾದರೆ ಅದರ ಬೆಲೆಯನ್ನಷ್ಟೇ ಕೊಡಿ. ಕೈಮಗ್ಗದ ಬೆಲೆ ಕೊಟ್ಟರೆ, ಆ ಹಣ ನಾಲ್ಕು ಸಾವಿರ ಎಳೆ ಹೊಸೆದ ಬೆರಳುಗಳಿಗೆ ತಲಪಿದೆಯೆಂಬ ಖಾತರಿ ಇರಲಿ.

ಸಭೆಗಳ ವ್ಯವಸ್ಥಾಪಕರಿಗೂ ಒಂದು ಮಾತು. ಸನ್ಮಾನಕ್ಕೆ ಹೊದಿಸುವ ಮಿರುಗುವ ಶಾಲುಗಳನ್ನು ಪಡೆದವರು ಯಾರೂ ಎರಡನೆಯ ಸಲ ಹೊದೆಯುವುದಿಲ್ಲವೆಂಬುದು ನಿಮಗೂ ಗೊತ್ತು. ಮುಂದಿನ ಸಾರಿ ಕಿನ್ನಿಗೋಳಿಯ ಮಗ್ಗದಿಂದ ಇಳಿದ ಒಂದು ಬಟ್ಟೆ ತನ್ನಿ, ನೇಯ್ದವರ ಹೆಸರನ್ನು ವೇದಿಕೆಯಲ್ಲಿ ಓದಿ ಹೇಳಿ. ಆಮೇಲೆ ಭಾಷಣಕಾರರು ನಮ್ಮ ಸಂಸ್ಕೃತಿಯಲ್ಲಿ ಏನು ಬೇಕಾದರೂ ಹಾಸುಹೊಕ್ಕಾಗಿದೆಯೆಂದು ಹೇಳಲಿ. ಕೇಳುವುದಕ್ಕೆ ನಾನೂ ಮುಂದಿನ ಸಾಲಿನಲ್ಲಿ ಕೂರುತ್ತೇನೆ.